ಮಾಳಿಗೆಯ ತೋಟ, ಕೈಯಲ್ಲಿನ ಫೋನು: ಓದುಗರ ಪ್ರಶ್ನೆಗಳಿಗೆ ಉತ್ತರ

ಊರೊಳಗಿನ ಬೇಸಾಯ ಮತ್ತು ಅದಕ್ಕೆ ನೆರವಾಗಬಲ್ಲ ಫೋನು, ಸೆನ್ಸರ್‌ಗಳ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಯಾವ ಯಂತ್ರ ಕೊಳ್ಳಬೇಕು ಎಂದು ಕೇಳುತ್ತವೆ. ಯಾರಿಗಾಗಿ ಬೆಳೆಯಬೇಕು, ಬೆಳೆದದ್ದು ತಿನ್ನಲು ಯೋಗ್ಯವೇ ಎಂದು ಕೇಳಿದವು ಕಡಿಮೆ. ಅಂಥ ಪತ್ರಗಳಿಗೆ ಇಲ್ಲಿ ಸ್ವಲ್ಪ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮನೆಯ ಮಾಳಿಗೆಯ ಮೇಲೆ ಅರ್ಧ ಅಡಿ ಮಣ್ಣು ಹರಡಿ ಕಾಯಿಪಲ್ಲೆ ಬೆಳೆಯಬೇಕೆಂದಿದ್ದೇನೆ. ಬೆಂಗಳೂರಿನಲ್ಲಿರುವ ಮಗ, ಫೋನಿನಿಂದಲೇ ನೀರು ಬಿಡುವ ವ್ಯವಸ್ಥೆ ಹಾಕಿಸಿಕೊಡುತ್ತೇನೆ ಎನ್ನುತ್ತಾನೆ. ಹಾಕಿಸಬಹುದೇ?
(ಸಪ್ತಾಪುರ, ಧಾರವಾಡ)

ಗುರುಗಳೇ, ನೀರಿನ ಮಾತಿಗಿಂತ ಮೊದಲು ಭಾರದ ಮಾತು ಆಗಬೇಕು. ಜನ ಓಡಾಡುವ ಮನೆಯ ಚಾವಣಿಗೆ ಭಾರತೀಯ ಮಾನಕ 875ರ ಎರಡನೇ ಭಾಗವು ಲೆಕ್ಕ ಹಿಡಿಯಲು ಹೇಳುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೊ. ಅರ್ಧ ಅಡಿ ದಪ್ಪದ ಮಣ್ಣು ಮಳೆಯಲ್ಲಿ ನೆನೆದಾಗ ಅದೇ ಒಂದು ಚದರ ಮೀಟರಿನಲ್ಲಿ 250 ಕಿಲೊ ಹತ್ತಿರ ತೂಗುತ್ತದೆ. ಧಾರವಾಡದ ಮಳೆಯಾದರೋ ಒಮ್ಮೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಆದ್ದರಿಂದ ಮಣ್ಣು ಹರಡುವ ವಿಚಾರವನ್ನು ದಯವಿಟ್ಟು ಕೈಬಿಡಿ. ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಮತ್ತು ಮಸಾರಿ ಮಣ್ಣನ್ನು ಸಮಪಾಲು ಬೆರೆಸಿ ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗ್ರೋ ಬ್ಯಾಗುಗಳಲ್ಲಿ ತುಂಬಿ, ಅವನ್ನು ಗೋಡೆ ಮತ್ತು ತೊಲೆಗಳ ನೇರಕ್ಕೆ, ಚದರ ಮೀಟರಿಗೆ ನಾಲ್ಕನ್ನು ಮೀರದಂತೆ ಇಡಿ. ಬರೀ ಎರಿ ಮಣ್ಣನ್ನು ತುಂಬಬೇಡಿ. ಅದು ಒಣಗಿದಾಗ ಬಿರಿದು, ನೆನೆದಾಗ ಉಬ್ಬಿ, ಕಿರಿದಾದ ಚೀಲದಲ್ಲಿ ಬೇರಿಗೆ ಉಸಿರಾಡಲು ಬಿಡುವುದಿಲ್ಲ. ಮನೆ ಹಳೆಯದಾಗಿದ್ದರೆ ಎಂಜಿನಿಯರ್ ಒಬ್ಬರಿಗೆ ತೋರಿಸಿಯೇ ಮುಂದುವರಿಯಿರಿ.

ಇನ್ನು ಯಂತ್ರದ ವಿಷಯ. ನನ್ನ ಮನೆಯಲ್ಲಿ ಮೂರು ವರ್ಷಗಳ ಹಿಂದೆ ಅಗ್ಗದ ತೇವಾಂಶ ಸೆನ್ಸರ್ ಒಂದನ್ನು ಬದನೆ ಗಿಡದ ಬುಡಕ್ಕೆ ಚುಚ್ಚಿ ಪಂಪಿಗೆ ಜೋಡಿಸಿದ್ದೆ. ಎರಡೇ ತಿಂಗಳಲ್ಲಿ ಅದರ ಎರಡು ಲೋಹದ ಕಡ್ಡಿಗಳ ಮೇಲೆ ಹಸಿರು ತುಕ್ಕು ಏರಿ, ಲೇಪನ ಎದ್ದು, ಹಸಿ ಮಣ್ಣನ್ನೂ ಒಣ ಮಣ್ಣೆಂದು ತೋರಿಸತೊಡಗಿತು. ನಾವು ಊರಿಗೆ ಹೋಗಿದ್ದ ಎರಡು ದಿನ ಪಂಪು ನಿಲ್ಲದೆ ಓಡಿ ಟ್ಯಾಂಕು ಬರಿದಾಯಿತು, ಬದನೆಯ ಬೇರು ಕೊಳೆತುಹೋದವು. ಮಣ್ಣಿನ ಮೂಲಕ ನೇರವಾಗಿ ವಿದ್ಯುತ್ ಹಾಯಿಸುವ ಎಲ್ಲ ಸೆನ್ಸರ್‌ಗಳಿಗೂ ಈ ಗತಿ ಇದ್ದೇ ಇದೆ. ಲೋಹ ಮಣ್ಣಿಗೆ ತಾಕದ ಕೆಪಾಸಿಟಿವ್ ಮಾದರಿ ಹೆಚ್ಚು ಬಾಳುತ್ತದೆ. ಅದನ್ನೂ ಒಣ ಮಣ್ಣಿನಲ್ಲೊಮ್ಮೆ, ನೀರುಣಿಸಿದ ಮಣ್ಣಿನಲ್ಲೊಮ್ಮೆ ಇಟ್ಟು ಅಳತೆ ಗುರುತಿಸಿಕೊಂಡ ಮೇಲಷ್ಟೇ ನಂಬಬೇಕು. ಸೆನ್ಸರ್ ಏನೇ ಹೇಳಲಿ, ಪಂಪು ಹತ್ತು ನಿಮಿಷ ಮೀರಿ ಓಡಕೂಡದು ಎಂಬ ಮಿತಿಯನ್ನೂ ಇಡಿಸಿ.

ಮನೆಯಲ್ಲಿಯೇ ಇರುವ ನಿಮಗೆ ಬ್ಯಾಟರಿಯ ಟೈಮರ್ ವಾಲ್ವ್ ಒಂದು ಸಾಕು ಎಂಬುದು ನನ್ನ ಅಭಿಪ್ರಾಯ. ಕೊಳ್ಳುವಾಗ ಇದೊಂದನ್ನು ವಿಚಾರಿಸಿ: ಚಾವಣಿಯ ಮೇಲಿನ ಟ್ಯಾಂಕು ಎರಡು ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ 0.2 ಬಾರ್ ಮಾತ್ರ, ಏಕೆಂದರೆ ಒಂದು ಬಾರ್ ಒತ್ತಡಕ್ಕೆ ಸುಮಾರು ಹತ್ತು ಮೀಟರ್ ನೀರಿನ ಎತ್ತರ ಬೇಕು. ವಿದ್ಯುತ್ ಅಯಸ್ಕಾಂತದಿಂದ ತೆರೆಯುವ ಅನೇಕ ಸೊಲೆನಾಯ್ಡ್ ವಾಲ್ವುಗಳು ಅಷ್ಟು ಕಡಿಮೆ ಒತ್ತಡದಲ್ಲಿ ಸರಿಯಾಗಿ ತೆರೆಯುವುದಿಲ್ಲ. ಬಾಲ್ ವಾಲ್ವ್ ಇರುವ ಟೈಮರ್ ಮತ್ತು ಸಾಮಾನ್ಯ ಡ್ರಿಪ್ಪರ್ ತೆಗೆದುಕೊಳ್ಳಿ. ಮಗ ಕಳಿಸುವ ಉಳಿದ ಹಣದಲ್ಲಿ ನೆರಳುಪರದೆ ಕೊಳ್ಳಿರಿ. ಏಪ್ರಿಲ್ ಬಿಸಿಲಿಗೆ ಅದು ಬೇಕೇಬೇಕು.

ಪ್ರಶ್ನೆ: ನಾವು ಹನ್ನೆರಡು ಮಂದಿ ಮಹಿಳೆಯರ ಸ್ವಸಹಾಯ ಸಂಘ. ಓಣಿಯ ಖಾಲಿ ಸೈಟೊಂದರಲ್ಲಿ ತೊಪ್ಪಲು ಪಲ್ಲೆ ಬೆಳೆಯಲು ಅದರ ಮಾಲೀಕರು ಒಪ್ಪಿದ್ದಾರೆ. ವಾಟ್ಸ್ಯಾಪ್ ಮೂಲಕ ಮಾರುವುದು ಹೇಗೆ? ಕಳೆದ ಸಲ ಬೆಳೆದ ಮೆಂತೆಯಲ್ಲಿ ಅರ್ಧ ಹಾಳಾಯಿತು.
(ಹಳೇ ಹುಬ್ಬಳ್ಳಿ)

ಅಕ್ಕಂದಿರೇ, ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿಯೇ ಅರ್ಧ ಉತ್ತರ ಇದೆ. ಇಡೀ ಸೈಟಿಗೆ ಒಂದೇ ದಿನ ಬಿತ್ತಿದರೆ ಒಂದೇ ದಿನ ಕೀಳಬೇಕಾಗುತ್ತದೆ, ಅಷ್ಟನ್ನೂ ಒಂದೇ ದಿನ ತಿನ್ನುವವರು ಓಣಿಯಲ್ಲಿ ಇರುವುದಿಲ್ಲ. ಮೂವತ್ತು-ನಲವತ್ತರ ಸೈಟನ್ನು ಮೂರು ಅಡಿ ಅಗಲದ ಮಡಿಗಳಾಗಿ ವಿಂಗಡಿಸಿ, ಅವುಗಳಲ್ಲಿ ನಾಲ್ಕು ಗುಂಪು ಮಾಡಿ, ವಾರಕ್ಕೊಂದು ಗುಂಪಿನಂತೆ ಬಿತ್ತುತ್ತ ಹೋಗಿ. ಮೆಂತೆ, ರಾಜಗಿರಿ, ಪಾಲಕ್ ಸುಮಾರು ನಾಲ್ಕು ವಾರಗಳಲ್ಲಿ ಕೈಗೆ ಬರುವುದರಿಂದ ಮೊದಲ ಗುಂಪು ಕಿತ್ತ ಜಾಗಕ್ಕೆ ಮತ್ತೆ ಬಿತ್ತುವ ಸರದಿ ತಾನಾಗಿ ಬರುತ್ತದೆ. ಕೊತ್ತಂಬರಿಗೆ ಇನ್ನೂ ಹತ್ತು ಹದಿನೈದು ದಿನ ಹೆಚ್ಚು ಬೇಕು. ಅದರ ಕಾಳನ್ನು ಅಂಗೈಯಲ್ಲಿ ತಿಕ್ಕಿ ಎರಡು ಹೋಳಾಗಿಸಿ, ರಾತ್ರಿ ನೆನೆಸಿ ಬಿತ್ತಿರಿ.

ಫೋನಿನ ಕೆಲಸ ಕಿತ್ತ ಮೇಲೆ ಆರಂಭವಾಗಬಾರದು, ಕೀಳುವ ಮೊದಲು ಆಗಬೇಕು. ಗುರುವಾರ ಸಂಜೆ ಗುಂಪಿನಲ್ಲಿ ಆ ವಾರದ ಮಡಿಗಳ ಫೋಟೊ ಹಾಕಿ, ಯಾರಿಗೆ ಎಷ್ಟು ಸೂಡು ಬೇಕೆಂದು ಶುಕ್ರವಾರ ಮಧ್ಯಾಹ್ನದೊಳಗೆ ತಿಳಿಸಲು ಹೇಳಿ. ಬರೆಯಲು ಬಾರದವರಿಗೆ ಧ್ವನಿ ಸಂದೇಶ ಸಾಕು. ಬಂದ ಬೇಡಿಕೆಯಷ್ಟನ್ನೇ ಶನಿವಾರ ಸೂರ್ಯ ಏರುವ ಮುನ್ನ ಕಿತ್ತು, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಮುಟ್ಟಿಸಿ. ಕೀಳದೆ ಬಿಟ್ಟ ಪಲ್ಲೆ ಇನ್ನೆರಡು ದಿನ ಮಡಿಯಲ್ಲಿಯೇ ತಾಜಾ ಇರುತ್ತದೆ. ಕಿತ್ತು ಬುಟ್ಟಿಗೆ ಹಾಕಿದ್ದು ಸಂಜೆಗೆ ಬಾಡುತ್ತದೆ.

ಹಣಕ್ಕೆ ಯುಪಿಐ ಕ್ಯೂಆರ್ ಚೀಟಿ ಇಡಿ, ಆದರೆ ಅದು ಸಂಘದ ಬ್ಯಾಂಕ್ ಖಾತೆಯದಾಗಿರಲಿ, ಯಾವೊಬ್ಬ ಸದಸ್ಯೆಯ ಸ್ವಂತ ಖಾತೆಯದು ಬೇಡ. ಯಾರೂ ಮೋಸ ಮಾಡುತ್ತಾರೆಂದು ಇದನ್ನು ಹೇಳುತ್ತಿಲ್ಲ. ಮನೆಯ ಖರ್ಚಿನೊಡನೆ ಬೆರೆತ ಹಣದ ಲೆಕ್ಕ ಮೂರನೆಯ ತಿಂಗಳಿಗೆ ಯಾರಿಗೂ ನೆನಪಿರುವುದಿಲ್ಲ, ಮನಸ್ತಾಪ ಅಲ್ಲಿಂದ ಹುಟ್ಟುತ್ತದೆ. ನಿಮ್ಮಿಂದ ದೂರವಲ್ಲದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ರೈತರು ಸಹಕಾರಿ ಸಂಘ ಕಟ್ಟಿ ನಡೆಸಿದರು. ನಿಮ್ಮ ಸಂಘದಲ್ಲಿಯೂ ಫೋನಿನ ಜೊತೆಗೆ ಎಲ್ಲರಿಗೂ ಕಾಣುವ ಲೆಕ್ಕದ ಪುಸ್ತಕವೊಂದು ಇರಲಿ.

ಖಾಲಿ ಸೈಟಿನ ಮಣ್ಣಿನಲ್ಲಿ ಕಟ್ಟಡದ ಪುಡಿ, ಗಾಜು, ಹಳೆಯ ಬಣ್ಣ ಸೇರಿರುವುದು ಸಾಮಾನ್ಯ. ಬಿತ್ತುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಎಲ್ಲಿ ಮಾಡಿಸಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ತಿಳಿಯುತ್ತದೆ. ಮಾಲೀಕರ ಒಪ್ಪಿಗೆಯನ್ನು ಎಷ್ಟು ತಿಂಗಳಿಗೆ ಎಂಬುದು ಸಹಿತ ಬರೆಸಿಕೊಳ್ಳಿ. ವಾರಕ್ಕೊಂದು ಪಾಲನ್ನು ಓಣಿಯ ಬಸುರಿ, ಬಾಣಂತಿಯರ ಮನೆಗೆ ಕಡಿಮೆ ಬೆಲೆಗೆ ಕೊಡುತ್ತೇವೆ ಎಂದು ಬರೆದಿದ್ದೀರಿ. ಅದನ್ನು ಎಂದಿಗೂ ಬಿಡಬೇಡಿ. ರೊಟ್ಟಿಯೊಡನೆ ತಿನ್ನುವ ಹಸಿರು ಪಲ್ಲೆಯ ಮೇಲೆ ಲಿಂಬೆ ಹಿಂಡಿಕೊಳ್ಳಲು ಅವರಿಗೆ ಹೇಳಿ. ಸೊಪ್ಪಿನಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ಲಿಂಬೆಯ ಸಿ ಜೀವಸತ್ವ ನೆರವಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ನಲ್ಲಿ ನೀರು ಎಂಟು ದಿನಕ್ಕೊಮ್ಮೆ. ಮನೆಯೂ ಹಳೆಯ ಮಣ್ಣಿನ ಮಾಳಿಗೆಯದು. ನಮ್ಮಂಥವರಿಗೂ ತೋಟ ಸಾಧ್ಯವೇ?
(ಬೆಟಗೇರಿ, ಗದಗ)

ಮಣ್ಣಿನ ಮಾಳಿಗೆಯ ಮೇಲೆ ಒಂದು ಕುಂಡವನ್ನೂ ಇಡಬೇಡಿ. ಸೋರಿದ ನೀರು ತೊಲೆ ಜಂತಿಗಳನ್ನು ಕೊಳೆಸುತ್ತದೆ. ಹಿತ್ತಲು, ಕಟ್ಟೆ, ಕಿಟಕಿಯ ಕೆಳಗಿನ ಜಾಗ ನೋಡಿಕೊಳ್ಳಿ. ಪಕ್ಕದಲ್ಲಿ ತಗಡಿನ ಅಥವಾ ಆರ್‌ಸಿಸಿ ಚಾವಣಿ ಇದ್ದರೆ ಲೆಕ್ಕ ಸುಲಭ: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 60 ಚದರ ಮೀಟರ್ ಚಾವಣಿಗೆ 20 ಮಿಲಿಮೀಟರಿನ ಒಂದು ಮಳೆ ಬಿದ್ದರೆ 1,200 ಲೀಟರ್. ಐದರಲ್ಲೊಂದು ಪಾಲು ಚೆಲ್ಲಿಹೋದರೂ 960 ಲೀಟರ್ ಉಳಿಯುತ್ತದೆ. ಮೊದಲ ಹದಿನೈದು ನಿಮಿಷದ ಕೊಳೆ ನೀರನ್ನು ಹೊರಗೆ ಬಿಟ್ಟು ಉಳಿದದ್ದನ್ನು ಮುಚ್ಚಿದ ಬ್ಯಾರಲ್ಲಿಗೆ ಹಿಡಿಯಿರಿ. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಹಾಗೆಯೇ ಗಿಡಕ್ಕೆ ಆಗುತ್ತದೆ. ಬುಡಕ್ಕೆ ಶೇಂಗಾ ಹೊಟ್ಟು ಮುಚ್ಚಿದರೆ ತೇವ ಆರುವುದು ಬಹಳ ತಡವಾಗುತ್ತದೆ. ಪುಂಡಿಪಲ್ಲೆ, ಚವಳಿಕಾಯಿ, ನುಗ್ಗೆ ಇವುಗಳಿಂದ ಆರಂಭಿಸಿ. ಸೆನ್ಸರ್ ಬೇಕಿಲ್ಲ, ಬೆರಳನ್ನು ಎರಡು ಗೆಣ್ಣಿನ ಆಳಕ್ಕೆ ಮಣ್ಣಿಗಿಳಿಸಿದರೆ ತೇವ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ಕೈತೋಟ ಮಾಡಿದ್ದೇವೆ. ಮಕ್ಕಳಿಗೆ ಡಿಜಿಟಲ್ ಪಾಠವೂ ಆಗುವಂತೆ ಏನು ಮಾಡಬಹುದು?
(ಶಿಕ್ಷಕಿ, ಹಾವೇರಿ)

ಒಂದೇ ಫೋನಿನಿಂದ, ಒಂದೇ ಜಾಗದಲ್ಲಿ ನಿಂತು, ಗಿಡದ ಪಕ್ಕ ಅಳತೆಪಟ್ಟಿ ಇಟ್ಟು, ವಾರಕ್ಕೊಮ್ಮೆ ಫೋಟೊ ತೆಗೆಯಿಸಿ; ಅಳತೆಯನ್ನು ಮಕ್ಕಳೇ ತಃಖ್ತೆಯಲ್ಲಿ ತುಂಬಿ ನಕ್ಷೆ ಎಳೆಯಲಿ. ಹವಾಮಾನ ಇಲಾಖೆ ಮತ್ತು ಕೃಷಿ ಸಂಶೋಧನಾ ಪರಿಷತ್ತು 2019ರಲ್ಲಿ ತಂದ ಮೇಘದೂತ್ ಆ್ಯಪ್‌ನಲ್ಲಿ ಜಿಲ್ಲೆಯ ಮಳೆಯ ಮುನ್ಸೂಚನೆ ಇರುತ್ತದೆ. ಶಾಲೆಯ ಅಂಗಳದಲ್ಲಿಯೇ ಮಳೆಮಾಪಕವೊಂದನ್ನು ಇಟ್ಟು, ಮುನ್ಸೂಚನೆಗೂ ಬಿದ್ದ ಮಳೆಗೂ ಎಷ್ಟು ಅಂತರವಿದೆ ಎಂದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೆದಿಡಿಸಿ. ನಿಮ್ಮ ಜಿಲ್ಲೆಯದೇ ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ, ಕಡ್ಡಿ ಎರಡೂ ತಳಿಗಳನ್ನು ಪಕ್ಕಪಕ್ಕದ ಮಡಿಗಳಲ್ಲಿ ಹಚ್ಚಿದರೆ ಹೋಲಿಸಲು ಒಳ್ಳೆಯ ವಿಷಯವಾದೀತು. ರೋಗ ಬಂದಾಗ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಮಕ್ಕಳಿಂದಲೇ ಕರೆ ಮಾಡಿಸಿ, ಕನ್ನಡದಲ್ಲಿಯೇ ಉತ್ತರ ಸಿಗುತ್ತದೆ. ಬೆಳೆದ ಸೊಪ್ಪು ಶಾಲೆಯ ಬಿಸಿಯೂಟದ ಸಾರಿಗೆ ಸೇರಲಿ.

ಪ್ರಶ್ನೆ: ಪೇಟೆಯ ಕಾಯಿಪಲ್ಲೆ ನಾಲಾದ ನೀರಿನಲ್ಲಿ ಬೆಳೆದದ್ದೆಂದು ಹೇಳುತ್ತಾರೆ. ಮನೆಯಲ್ಲಿ ಟಿಡಿಎಸ್ ಮೀಟರ್ ಇದೆ. ಅದರಿಂದ ಪರೀಕ್ಷಿಸಬಹುದೇ? ಕ್ಯೂಆರ್ ಕೋಡ್ ಇರುವ ಪಲ್ಲೆ ಕೊಂಡರೆ ಸುರಕ್ಷಿತವೇ?
(ವಿದ್ಯಾನಗರ, ಹುಬ್ಬಳ್ಳಿ)

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞನಾಗಿದ್ದೇನೆ. ಹುಬ್ಬಳ್ಳಿ-ಧಾರವಾಡಗಳ ಕೊಳಚೆ ನೀರು ಹರಿಯುವ ನಾಲಾಗಳಿಂದ ಸುತ್ತಲಿನ ಹೊಲಗಳಿಗೆ ನೀರೆತ್ತುವ ರೂಢಿ ಹಳೆಯದು, ಇಪ್ಪತ್ತು ವರ್ಷಗಳ ಹಿಂದೆಯೇ ಸಂಶೋಧಕರು ಅದನ್ನು ವಿವರವಾಗಿ ದಾಖಲಿಸಿದ್ದಾರೆ. ರೈತರನ್ನು ದೂರುವ ಮೊದಲು ಕಾರಣ ತಿಳಿಯಬೇಕು. ಕೊಳವೆಬಾವಿಗೆ ಹಣವಿಲ್ಲದ ಸಣ್ಣ ಹಿಡುವಳಿದಾರನಿಗೆ ಬೇಸಿಗೆಯಲ್ಲಿಯೂ ಬತ್ತದ ನೀರು ಅದೊಂದೇ. ಅದರಲ್ಲಿ ಸಾರಜನಕ, ರಂಜಕ ಇರುವುದರಿಂದ ಗೊಬ್ಬರದ ಖರ್ಚೂ ಉಳಿಯುತ್ತದೆ. ಅದೇ ನೀರಿನಲ್ಲಿ ಬರಿಗಾಲಲ್ಲಿ ನಿಂತು ದುಡಿಯುವ ಹೆಣ್ಣಾಳುಗಳಿಗೆ ಹುಳುಬಾಧೆ, ಗಾಜು-ಸೂಜಿ ಚುಚ್ಚಿದ ಗಾಯ ಮೊದಲು ತಟ್ಟುತ್ತವೆ, ಊಟದ ತಾಟಿನ ಎದುರು ಕುಳಿತ ನಮಗೆ ಆಮೇಲೆ. ಊರು ತನ್ನ ಕೊಳಚೆಯನ್ನು ಶುದ್ಧೀಕರಿಸದೆ ಬಿಟ್ಟರೆ ಆ ಹೊಣೆಯನ್ನು ಕೆಳಗಿನ ಹೊಲದವರ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ.

ಟಿಡಿಎಸ್ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು, ಅದರಿಂದ ಕರಗಿದ ಲವಣದ ಅಂದಾಜು ಕಟ್ಟುತ್ತದೆ. ರೋಗಾಣು, ಹುಳುವಿನ ತತ್ತಿ ಅದಕ್ಕೆ ಕಾಣುವುದಿಲ್ಲ. ಲವಣದಲ್ಲಿ ಸುಣ್ಣ ಎಷ್ಟು, ಸೀಸ ಎಷ್ಟು ಎಂದೂ ಅದು ಬೇರ್ಪಡಿಸಿ ಹೇಳಲಾರದು. ಮಳೆಗಾಲದ ಕೊಳಚೆ ನೀರಿನ ಟಿಡಿಎಸ್ ನಮ್ಮ ಎಷ್ಟೋ ಶುದ್ಧ ಕೊಳವೆಬಾವಿಗಳಿಗಿಂತ ಕಡಿಮೆ ತೋರಿಸಲೂಬಹುದು. ನೀರಿನ ಮೂಲ ನಿಮ್ಮ ಕೈಯಲ್ಲಿದ್ದರೆ ಎಚ್2ಎಸ್ ಬಾಟಲಿಯ ಪರೀಕ್ಷೆ ಮೇಲು: ನೀರು ತುಂಬಿಸಿ ಒಂದೆರಡು ದಿನ ಬೆಚ್ಚಗೆ ಇಟ್ಟಾಗ ಕಪ್ಪಾದರೆ ಮಲದ ಸೋಂಕಿನ ಸಂಶಯವಿದೆ ಎಂದರ್ಥ. ಭಾರಲೋಹಕ್ಕೆ ಪ್ರಯೋಗಾಲಯವೇ ಬೇಕು. ಕ್ಯೂಆರ್ ಕೋಡಿನಲ್ಲಿ ಇರುವುದು ಯಾರೋ ತುಂಬಿಸಿದ ಮಾಹಿತಿ ಮಾತ್ರ. ಅದರ ಹಿಂದೆ ಹೊಲಕ್ಕೆ ಹೋಗಿ ನೀರಿನ ಮೂಲ ನೋಡಿ ಬಂದ ಮನುಷ್ಯನಿದ್ದಾನೆಯೇ ಎಂದು ವಿಚಾರಿಸಿ. ರೈತರೇ ಸೇರಿ ಸಾವಯವ ಬೆಳೆಗೆ ಖಾತರಿ ಕೊಡುವ ಪಿಜಿಎಸ್ ಪದ್ಧತಿಯಲ್ಲಿ ಐದು ಅಥವಾ ಹೆಚ್ಚು ರೈತರು ಗುಂಪಾಗಿ ಒಬ್ಬರ ಹೊಲವನ್ನೊಬ್ಬರು ಪರಿಶೀಲಿಸುತ್ತಾರೆ. ಅಂಥ ಗುಂಪಿನಿಂದ ಕೊಳ್ಳುವುದು ಒಳ್ಳೆಯದು.

ಮೂಲ ತಿಳಿಯದ ಗಜ್ಜರಿ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು, ಹಕ್ಕರಕಿಯನ್ನು ರೊಟ್ಟಿಯೊಡನೆ ಹಸಿಯಾಗಿ ತಿನ್ನುವುದನ್ನು ಬಿಡಿ; ನಮ್ಮ ಭಾಗದಲ್ಲಿ ಇದು ಕಷ್ಟದ ಮಾತೆಂದು ಬಲ್ಲೆ. ಚೆನ್ನಾಗಿ ಬೇಯಿಸಿದರೆ ರೋಗಾಣು, ಹುಳುವಿನ ತತ್ತಿ ಸಾಯುತ್ತವೆ, ಲೋಹ ಮಾತ್ರ ಹೋಗುವುದಿಲ್ಲ. ಹಸಿಯಾಗಿ ತಿನ್ನುವ ಪಲ್ಲೆಯನ್ನಾದರೂ ಮನೆಯ ಗ್ರೋ ಬ್ಯಾಗಿನಲ್ಲಿ ಬೆಳೆದುಕೊಳ್ಳಿ. ಇಷ್ಟಕ್ಕೆ ನಾಲ್ಕು ಚೀಲ ಸಾಕು.

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ನಗರ ಕೃಷಿಗೆ ಆ್ಯಪ್ ಮಾಡಬೇಕೆಂದಿದ್ದೇನೆ. ಯಾವ ಸಮಸ್ಯೆಯನ್ನು ತೆಗೆದುಕೊಳ್ಳಲಿ?
(ಹುಬ್ಬಳ್ಳಿ)

ನಸುಕಿನ ಬಸ್ಸಿಗೆ ಹಳ್ಳಿಗಳಿಂದ ತೊಪ್ಪಲು ಪಲ್ಲೆ ಹೊತ್ತು ಜನತಾ ಬಜಾರಿಗೆ ಬಂದು ಕೂರುವ ಯಾರಾದರೂ ಒಬ್ಬ ತಾಯಿಯ ಬಳಿ, ಅವರ ಅನುಮತಿ ಕೇಳಿ, ಹದಿನೈದು ದಿನ ಕುಳಿತುಕೊಳ್ಳಿ. ತಂದ ಸೂಡೆಷ್ಟು, ಯಾವ ಹೊತ್ತಿಗೆ ಯಾವ ಬೆಲೆಗೆ ಹೋಯಿತು, ಸಂಜೆ ಎಷ್ಟನ್ನು ದನಕ್ಕೆ ಹಾಕಿ ಹೋದರು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಾಳೆ ಎಷ್ಟು ಕೀಳಬೇಕು ಎಂಬುದನ್ನು ಅವರು ಇಂದು ಅಂದಾಜಿನಿಂದ ನಿರ್ಧರಿಸುತ್ತಾರೆ. ಅಂದಾಜು ತಪ್ಪಿದ ದಿನ ಬಸ್ಸಿನ ಖರ್ಚೂ ಹುಟ್ಟುವುದಿಲ್ಲ. ನಮ್ಮ ಭಾಗದ ಕನ್ನಡವನ್ನು ಅರಿತು, ಮಾತಿನಲ್ಲಿಯೇ ಕೇಳಿ ಮಾತಿನಲ್ಲಿಯೇ ಉತ್ತರಿಸುವ, ಕೀಪ್ಯಾಡ್ ಫೋನಿನಲ್ಲಿಯೂ ನಡೆಯುವ ಲೆಕ್ಕವೊಂದನ್ನು ಅವರಿಗೆ ಕಟ್ಟಿಕೊಡಬಲ್ಲಿರಾ ನೋಡಿ. ಆ ಹದಿನೈದು ದಿನಗಳ ನೋಟ್‌ಬುಕ್ಕಿನ ಪುಟಗಳನ್ನು ನನಗೆ ಕಳುಹಿಸಿ, ಮುಂದಿನ ಮಾತನ್ನು ಅವುಗಳನ್ನು ನೋಡಿ ಆಡೋಣ.