ಬಾವಿಕಟ್ಟೆ ಪಕ್ಕದ ನಾಲ್ಕು ಮರಗಳು

ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರ ಪತ್ರ: “ಗಿಡಮರಗಳಿಗೂ ರೋಗ ತಡೆಯುವ ಶಕ್ತಿಯಿದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹಾಗಿದ್ದರೆ ನನ್ನ ತೋಟದಲ್ಲಿ ಮೂರು ವರ್ಷದಿಂದ ಎಲೆಚುಕ್ಕಿ ರೋಗ ಬೀಡುಬಿಟ್ಟಿದ್ದು ಹೇಗೆ? ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ, ಮಳೆ ನಿಂತ ಮೇಲೆ ಎಲೆಗೆ ಔಷಧಿ. ಹೊಡೆಯುವವರಿಗೆ ಕೂಲಿ ಎಣಿಸುವಾಗಲೆಲ್ಲ ನಿಮ್ಮ ಲೇಖನ ನೆನಪಾಗುತ್ತದೆ. ಬಾವಿಕಟ್ಟೆ ಪಕ್ಕದ ನಾಲ್ಕು ಮರಗಳಿಗೆ ಮಾತ್ರ ಅಷ್ಟಾಗಿ ಏನೂ ಆಗಿಲ್ಲ, ಅದು ಬೇರೆ ಮಾತು. ಪೇಟೆಯಲ್ಲಿ ಕುಳಿತು ಬರೆಯುವುದು ಸುಲಭ.”

ಸಂಪಾದಕರ ಉತ್ತರ:

ಪೇಟೆಯಲ್ಲಿ ಕುಳಿತಿರುವುದು ನಿಜ, ಒಪ್ಪಿದೆ. ಆದರೆ ನಾನು ಬೆಳೆದದ್ದೂ ಮೈಲುತುತ್ತದ ವಾಸನೆಯಲ್ಲೇ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೆರೆಸಿದ ಮೇಲೆ ನಮ್ಮ ತಂದೆ ಕತ್ತಿಯ ಅಲಗನ್ನು ಆ ತಿಳಿನೀಲಿ ನೀರಿನಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ ನೋಡುತ್ತಿದ್ದರು. ಕಬ್ಬಿಣಕ್ಕೆ ತಾಮ್ರದ ಕೆಂಪು ಹತ್ತಿದ್ದರೆ “ಸುಣ್ಣ ಸಾಲದು” ಎಂದು ಇನ್ನೊಂದು ಹಿಡಿ ಹಾಕಿಸುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನು ಹತ್ತಿ, ಈ ಬೋರ್ಡೋ ದ್ರಾವಣವನ್ನು ನಮ್ಮವರ ಕೈಗೆ ಕೊಟ್ಟರು. ಅಲ್ಲಿಯವರೆಗೆ ಅಡಿಕೆ ಕೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಎಂಬ ಹೊದಿಕೆ ಕಟ್ಟುವುದೊಂದೇ ದಾರಿಯಾಗಿತ್ತು. ಹಾಗಾಗಿ ಔಷಧಿ ಬೇಡವೆಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಈ ವರ್ಷವೂ ಹೊಡೆಸಿ.

ಇನ್ನು ನಿಮ್ಮ ಮೇಲೆ ನನಗಿರುವ ತಕರಾರಿಗೆ ಬರುತ್ತೇನೆ. ನಾಲ್ಕು ಮರಗಳಿಗೆ ಏನೂ ಆಗಿಲ್ಲವೆಂದು ಬರೆದು, ಮರುಕ್ಷಣವೇ “ಅದು ಬೇರೆ ಮಾತು” ಎಂದುಬಿಟ್ಟಿರಿ. ಬೇರೆ ಮಾತು ಹೇಗಾಗುತ್ತದೆ ಸ್ವಾಮಿ? ಇಡೀ ಪತ್ರದಲ್ಲಿ ನನ್ನನ್ನು ಎದ್ದು ಕೂರಿಸಿದ ಸಾಲು ಅದೊಂದೇ.

ಎಲೆಯ ಮೇಲೆ ಏನು ನಡೆಯುತ್ತದೆ ನೋಡಿ. ಎಲೆಚುಕ್ಕಿಯ ಬೂಸ್ಟಿನ ಬೀಜಕಣ ಮಳೆಹನಿಯೊಡನೆ ಬಂದು ಅಂಟಿಕೊಳ್ಳುತ್ತದೆ, ಮೊಳೆಯುತ್ತದೆ, ಮೊಳಕೆಯ ತುದಿಯಲ್ಲಿ ಕಪ್ಪನೆಯ, ಅಂಗಿಗುಂಡಿಯಂಥ ಒಂದು ಕೋಶವನ್ನು ಕಟ್ಟುತ್ತದೆ. ಅದರೊಳಗೆ ಒತ್ತಡ ತುಂಬಿ ಎಲೆಯ ಮೇಣದ ಹೊದಿಕೆಯನ್ನು ಚುಚ್ಚುತ್ತದೆ. ಇದೇ ವಿದ್ಯೆಯನ್ನು ಬಲ್ಲ, ಭತ್ತದ ಬೆಂಕಿರೋಗದ ಶಿಲೀಂಧ್ರದಲ್ಲಿ ಆ ಒತ್ತಡ ಕಾರಿನ ಟೈರಿನೊಳಗಿನದಕ್ಕಿಂತ ಸುಮಾರು 40 ಪಟ್ಟು! ಎಲೆ ಇದನ್ನು ಸುಮ್ಮನೆ ನೋಡುತ್ತ ಕೂರುವುದಿಲ್ಲ. ಶಿಲೀಂಧ್ರದ ಮೈಗೋಡೆಯಲ್ಲಿರುವ ಕೈಟಿನ್ ಎಂಬ ವಸ್ತುವಿನ ಚೂರುಗಳನ್ನು ಅದು ಗುರುತು ಹಿಡಿಯುತ್ತದೆ. ಚುಚ್ಚುವ ಜಾಗಕ್ಕೆ ಸರಿಯಾಗಿ ಒಳಗಿನಿಂದ ಬಿರಡೆ ಜಡಿಯುತ್ತದೆ, ಕೈಟಿನ್ ಕರಗಿಸುವ ಕಿಣ್ವಗಳನ್ನು ಸುರಿಯುತ್ತದೆ. ಇಷ್ಟಕ್ಕೂ ಶತ್ರು ಒಳಹೊಕ್ಕರೆ ಆ ಕೋಶ ತಾನೇ ಸತ್ತು, ನುಗ್ಗಿದವನನ್ನು ತನ್ನೊಡನೆ ಉಪವಾಸ ಕೆಡವುತ್ತದೆ. ಸತ್ತದ್ದನ್ನೇ ತಿಂದು ಬದುಕುವ ಬೂಸ್ಟುಗಳ ಮುಂದೆ ಮಾತ್ರ ಈ ತ್ಯಾಗ ತಿರುಗುಬಾಣವಾಗುತ್ತದೆ. ನಿಮ್ಮ ಎಲೆಚುಕ್ಕಿಯದು ಎರಡೂ ಗುಣ: ಮೊದಲು ಬದುಕಿರುವ ಕೋಶದಲ್ಲಿ ಅಡಗಿರುತ್ತದೆ, ಆಮೇಲೆ ಕೊಂದು ತಿನ್ನುತ್ತದೆ. ಕೊಳೆರೋಗ ತರುವ ಫೈಟಾಫ್ತೊರ ಎಂಬ ಜೀವಿ ಇನ್ನೂ ಕಿಲಾಡಿ. ಅದು ಅಸಲಿಗೆ ಶಿಲೀಂಧ್ರವೇ ಅಲ್ಲ, ಕಂದು ಪಾಚಿಯ ದೂರದ ನೆಂಟ. ಅದರ ಗೋಡೆ ಹೆಚ್ಚಾಗಿ ಕೈಟಿನ್‌ನದಲ್ಲ, ಗ್ಲೂಕನ್ ಮತ್ತು ಸೆಲ್ಯುಲೋಸ್ ಎಂಬ ವಸ್ತುಗಳದು, ಆದ್ದರಿಂದ ಮರ ಬೇರೆ ಗುರುತುಗಳನ್ನು ಹುಡುಕಬೇಕಾಗುತ್ತದೆ.

ನೀವು ಎಣಿಸುವ ಚುಕ್ಕೆಗಳೆಲ್ಲ ಮರ ಸೋತ ಜಾಗಗಳು. ಗೆದ್ದ ಜಾಗ ಬರಿಗಣ್ಣಿಗೆ ಕಾಣುವುದೇ ಇಲ್ಲ.

ಕಾಣದ್ದನ್ನು ಕಂಡವರ ಕಥೆ ನಮ್ಮ ನೆರೆಯಲ್ಲೇ ಇದೆ. 1869ರಲ್ಲಿ ಸಿಂಹಳದ ಕಾಫಿಗೆ ಎಲೆತುಕ್ಕು ಬಂತು. ಕೆಲವೇ ದಶಕಗಳಲ್ಲಿ ಅಲ್ಲಿನ ಕಾಫಿ ಗುಡ್ಡಗಳೆಲ್ಲ ಟೀ ಗುಡ್ಡಗಳಾದವು. ತುಕ್ಕು ನಮ್ಮ ಮಲೆನಾಡಿಗೂ ಏರಿತು. 1911ರ ಸುಮಾರಿಗೆ ಮೈಸೂರು ಸೀಮೆಯ ಕೆಂಟ್ ಎಂಬ ತೋಟಗಾರ, ತುಕ್ಕು ಹಿಡಿದ ಗಿಡಗಳ ನಡುವೆ ಹಸಿರಾಗಿ ನಿಂತಿದ್ದನ್ನು ಆರಿಸಿ ಬೀಜ ಮಾಡಿದ. ‘ಕೆಂಟ್ಸ್’ ತಳಿ ಬಂದದ್ದು ಹಾಗೆ. ಅವನ ಕೈಯಲ್ಲಿ ಪ್ರಯೋಗಾಲಯವಿರಲಿಲ್ಲ, ಕಣ್ಣಿತ್ತು. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ಹತ್ತಿತು, ಅದನ್ನೂ ಹೇಳಬೇಕು. ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರದಲ್ಲಿದ್ದ ವಿಜ್ಞಾನಿ ಮೇನ್ 1932ರಲ್ಲಿ ಕಾರಣ ತೋರಿಸಿದರು: ತುಕ್ಕಿನಲ್ಲೇ ಬೇರೆ ಬೇರೆ ಪಂಗಡಗಳಿವೆ, ಒಂದಕ್ಕೆ ಜಗ್ಗದ ಗಿಡ ಇನ್ನೊಂದಕ್ಕೆ ಬಲಿಯಾಗುತ್ತದೆ. ಆಮೇಲೆ ಅಲ್ಲೇ ಕೆಂಟ್ಸ್ ಜೊತೆ ಬೇರೆ ರಕ್ತ ಕೂಡಿಸಿ ಎಸ್.795 ಎಂಬ ಹೊಸ ಕಾಫಿ ತಳಿ ಬೆಳೆಸಿದರು. ಚಿಕ್ಕಮಗಳೂರಿನ ಕಡೆ ನಿಮಗೆ ನೆಂಟರಿದ್ದರೆ ಕೇಳಿ, ಅವರ ತೋಟದಲ್ಲಿ ಈಗಲೂ ಇದ್ದೀತು. ರಾಗಿಯ ಕಥೆಯೂ ಬೇರೆಯಲ್ಲ. ಆಫ್ರಿಕಾದ ರಾಗಿಯನ್ನು ನಮ್ಮದರೊಡನೆ ಕೂಡಿಸಿದ ಇಂಡಾಫ್ ತಳಿಗಳ ಸಂತಾನವಾದ ಜಿಪಿಯು-28 ತಳಿ ಬೆಂಕಿರೋಗವನ್ನು ತಡೆದದ್ದು ಬಾಟಲಿಯಿಂದಲ್ಲ, ಬಿತ್ತನೆಯ ಕಾಳಿನಿಂದ.

ಅಷ್ಟೇಕೆ, ನಿಮ್ಮ ಬೋರ್ಡೋ ದ್ರಾವಣವೂ ಹುಟ್ಟಿದ್ದು ಹೀಗೆಯೇ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಒಳಗಿನ ಬಳ್ಳಿಗಳೆಲ್ಲ ಬೂಜುರೋಗಕ್ಕೆ ಎಲೆ ಉದುರಿಸಿದಾಗ ರಸ್ತೆಬದಿಯವು ಹಸಿರಾಗಿದ್ದವು. ಮಿಲಾರ್ಡೆ ಎಂಬ ಪ್ರಾಧ್ಯಾಪಕ ಅದನ್ನು ಗಮನಿಸಿ, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಅವನೂ “ಅದು ಬೇರೆ ಮಾತು” ಎಂದಿದ್ದರೆ ನಾವು ಇವತ್ತಿಗೂ ಕೊಟ್ಟೆ ಕಟ್ಟುತ್ತಿದ್ದೆವು.

ಈಗ ಆ ಕಣ್ಣು ಹೋಗಿಬಿಟ್ಟಿದೆ, ನನ್ನ ಸಂಕಟ ಅದು. ರೋಗದ ಎಲೆಯ ಫೋಟೊ ಮೊಬೈಲಿನಲ್ಲಿ ಅಂಗಡಿಗೆ ಹೋಗುತ್ತದೆ, ಬಾಟಲಿಯ ಹೆಸರು ವಾಪಸು ಬರುತ್ತದೆ. ರೋಗವಿಲ್ಲದ ಎಲೆಯ ಫೋಟೊ ಯಾರೂ ತೆಗೆಯುವುದಿಲ್ಲ. ಹೋದ ವರ್ಷ ಒಂದು ನರ್ಸರಿಯಲ್ಲಿ ಅಡಿಕೆ ಸಸಿ ನೋಡುತ್ತ, ಬೀಜ ಯಾವ ಮರದ್ದೆಂದು ಕೇಳಿದೆ. ಮಾರುವಾತ ನನ್ನನ್ನು ಆದಾಯ ತೆರಿಗೆಯವನೆಂದುಕೊಂಡನೋ ಏನೋ, ಉತ್ತರವನ್ನೇ ಕೊಡಲಿಲ್ಲ. ಕೊನೆ ಎಷ್ಟು, ಕ್ವಿಂಟಲ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ರೋಗದ ವರ್ಷ ತಾಯಿಮರ ಹೇಗಿತ್ತು ಎಂಬ ಪ್ರಶ್ನೆ ಖರೀದಿಯ ಹೊತ್ತಿಗೆ ಯಾರ ಬಾಯಿಗೂ ಬರುವುದಿಲ್ಲ. ನಮ್ಮ ಪತ್ರಿಕೆಯೂ ಸಾಚಾ ಅಲ್ಲ. ಔಷಧಿಯ ಜಾಹೀರಾತು ಹಿಂಬದಿಯ ಪುಟದಲ್ಲೇ ಇದೆ, ನೀವು ನೋಡಿಯೇ ಇರುತ್ತೀರಿ.

ನಿಮ್ಮ ನಾಲ್ಕು ಮರಗಳದು ನಿಜವಾದ ತಾಕತ್ತೋ ಬರೀ ಅದೃಷ್ಟವೋ ಇಲ್ಲಿಂದ ಹೇಳಲಾರೆ. ಬಾವಿಕಟ್ಟೆಯ ಬಳಿ ಬಿಸಿಲು ಹೆಚ್ಚು ಬಿದ್ದು ಎಲೆ ಬೇಗ ಒಣಗುತ್ತಿರಬಹುದು. ಒದ್ದೆ ಎಲೆಯಿಲ್ಲದೆ ಬೂಸ್ಟು ಮೊಳೆಯದು. ಮೊದಲು ಆ ಮರಗಳಿಗೊಂದು ಸುಣ್ಣದ ಪಟ್ಟಿ ಬಳಿಯಿರಿ. ಅಷ್ಟೇ ಬಿಸಿಲು ಬೀಳುವ ಬೇರೆ ನಾಲ್ಕು ಮರಗಳಿಗೂ ಬೇರೆ ಬಣ್ಣದ ಪಟ್ಟಿ ಹಾಕಿ, ಎರಡು ಮಳೆಗಾಲ ಪಕ್ಕಪಕ್ಕದಲ್ಲೇ ನೋಡಿ. ಆಮೇಲೂ ವ್ಯತ್ಯಾಸ ಉಳಿದರೆ ಹಣ್ಣಡಿಕೆ ಆರಿಸಿ ಸಸಿ ಮಾಡಿ. ಫಸಲಿಗೆ ಆರೇಳು ವರ್ಷ ಬೇಕೆಂದು ನನಗೂ ಗೊತ್ತು, ಅಷ್ಟು ಹೊತ್ತಿಗೆ ಈ ಕುರ್ಚಿಯಲ್ಲಿ ಬೇರೆಯವರು ಇರುತ್ತಾರೆ. ಅವರಿಗೇ ಬರೆಯಿರಿ. ನಾಲ್ಕು ಮರಗಳ ವಿಷಯ ಮೊದಲ ಸಾಲಿನಲ್ಲಿರಲಿ, ನನ್ನನ್ನು ಬೈಯುವುದಿದ್ದರೆ ಕೊನೆಗೆ.

— ಸಂ.