58 ಬಂತೆಂದು ಕೇಳಿದ ಶಿರಸಿಯ ತಮ್ಮನಿಗೆ

ತಮ್ಮಾ,

ಇಂಗ್ಲೆಂಡಿಗೆ ಬಂದು ಮೂರೇ ತಿಂಗಳು. ಎಂಎಸ್ಸಿಯ ಮೊದಲ ಅಸೈನ್‌ಮೆಂಟಿಗೆ 58 ಬಂದಿದೆ, ಪಕ್ಕದಲ್ಲಿ 'ಟೂ ಡಿಸ್ಕ್ರಿಪ್ಟಿವ್, ಬಿ ಮೋರ್ ಕ್ರಿಟಿಕಲ್' ಎಂದು ಬರೆದಿದ್ದಾರೆ, ನಾನೇನು ತಪ್ಪು ಮಾಡಿದೆ ಅಕ್ಕಾ ಎಂದು ಕೇಳಿದ್ದೀಯ.

ಮೊದಲು ನಂಬರಿನ ವಿಷಯ ಮುಗಿಸೋಣ. ಇಲ್ಲಿ ಎಂಎಸ್ಸಿಗೆ ಸಾಮಾನ್ಯವಾಗಿ 50ಕ್ಕೆ ಪಾಸ್, 60ಕ್ಕೆ ಮೆರಿಟ್, 70ಕ್ಕೆ ಡಿಸ್ಟಿಂಕ್ಷನ್. ಊರಲ್ಲಿ 90 ತೆಗೆದವರೂ ಇಲ್ಲಿ 80 ದಾಟುವುದು ಅಪರೂಪ. ನಕಲು ಪತ್ತೆಗೆ ಬಳಸುವ ಟರ್ನಿಟಿನ್ ಎಂಬ ಸಾಫ್ಟ್‌ವೇರ್ ತೋರಿಸಿದ ಪರ್ಸೆಂಟಿಗೂ ಹೆದರಬೇಡ. ಬೇರೆ ಕಡೆ ಇರುವ ಸಾಲುಗಳಿಗೆ ನಿನ್ನದು ಎಷ್ಟು ಹೋಲುತ್ತದೆ ಎಂದಷ್ಟೇ ಅದು ಹೇಳುವುದು. ಕೊನೆಯ ಪುಸ್ತಕಪಟ್ಟಿಯೂ ಅದರಲ್ಲಿ ಸೇರಿರಬಹುದು.

ಇನ್ನು ಆ 'ಕ್ರಿಟಿಕಲ್'. ತಪ್ಪು ಹುಡುಕು ಎನ್ನುತ್ತಿದ್ದಾರೆ ಎಂದುಕೊಂಡು ನಾನು ಎರಡನೇ ಅಸೈನ್‌ಮೆಂಟಿನಲ್ಲಿ ಸಿಕ್ಕ ಲೇಖಕರನ್ನೆಲ್ಲ ಬೈದಿದ್ದೆ. ಮಾರ್ಕ್ಸ್ ಇನ್ನೂ ಇಳಿಯಿತು! ನೀನು ತಾಳಮದ್ದಳೆ ಕೇಳಿದವನು, ಅಲ್ವಾ? ಭಾಗವತರು ಪದ್ಯ ಹಾಡಿದ ಮೇಲೆ, ಪಾತ್ರವಾಗಿ ಕೂತು ಅರ್ಥ ಹೇಳುವ ಅರ್ಥಧಾರಿ ಅದನ್ನೇ ಮಾತಿನಲ್ಲಿ ಒಪ್ಪಿಸಿದರೆ ಜನ ಎದ್ದು ಚಾ ಕುಡಿಯೋಕೆ ಹೋಗುತ್ತಾರೆ. ಕೃಷ್ಣ ಸಂಧಾನಕ್ಕೆ ಬಂದ ಎಂಬುದು ಎಲ್ಲರಿಗೂ ಗೊತ್ತು. ಬಂದದ್ದು ಸಂಧಿಗೋ, ಯುದ್ಧಕ್ಕೆ ನೆಪ ಹುಡುಕೋಕೋ ಎಂದು ಕೌರವ ಕೇಳಿದಾಗ ಕೂತವರು ನೆಟ್ಟಗಾಗುತ್ತಾರೆ. ಈ ಲೇಖಕರು ಹೀಗೆಂದರು, ಆ ಲೇಖಕರು ಹಾಗೆಂದರು ಎಂದು ನೀನು ಬರೆದದ್ದು ಬರೀ ಪದ್ಯ. ಇಬ್ಬರೂ ಯಾಕೆ ಒಪ್ಪಲಿಲ್ಲ, ಯಾರ ಆಧಾರ ಗಟ್ಟಿ, ನಿನ್ನ ಪ್ರಶ್ನೆಗೆ ಯಾರ ಮಾತು ಒದಗುತ್ತದೆ? ಟ್ಯೂಟರ್ ಕಾಯುತ್ತಿರುವುದು ಆ ಅರ್ಥಕ್ಕೆ.

ಇಲ್ಲಿಯವರ ನಯಕ್ಕೂ ಮೋಸಹೋಗಬೇಡ. 'ಯು ಮೈಟ್ ವಾಂಟ್ ಟು ಕನ್ಸಿಡರ್' ಎಂದಿದ್ದರೆ 'ಇದನ್ನು ಸರಿ ಮಾಡು' ಎಂದು ಓದಿಕೋ. ಒಂದು ವರ್ಷ ನಾನು ಅದನ್ನು ಸುಮ್ನೆ ಸಲಹೆ ಎಂದುಕೊಂಡಿದ್ದೆ.

ತಿಳಿಯದ ಕಮೆಂಟ್ ಹಿಡಿದು ಆಫೀಸ್ ಅವರ್ಸಿಗೆ ಹೋಗು. ಮೇಷ್ಟ್ರ ಎದುರು ನಿಂತು 'ಯಾಕೆ' ಎನ್ನುವುದು ನಮಗೆ ಅಧಿಕಪ್ರಸಂಗ ಅನ್ನಿಸುತ್ತದೆ. ಇಲ್ಲಿ ಅದಕ್ಕೆಂದೇ ಹೊತ್ತು ಇಟ್ಟಿರುತ್ತಾರೆ. ಮಾರ್ಕ್ಸ್ ಜಾಸ್ತಿ ಮಾಡಿ ಅನ್ನಬೇಡ. ಒಂದೇ ಒಂದು ಪ್ಯಾರಾ ತೋರಿಸಿ, ಇದನ್ನು ಹೇಗೆ ಬರೆಯಬೇಕಿತ್ತು ಎಂದು ಕೇಳು. ನಾನು ಅಳುಕುತ್ತಲೇ ಹೋಗಿದ್ದೆ, ಇಪ್ಪತ್ತು ನಿಮಿಷ ಕೂರಿಸಿಕೊಂಡು ಹೇಳಿಕೊಟ್ಟರು.

ಹಾಂ, ಮನೆಗೆ ಫೋನ್ ಮಾಡಿ 58 ಎನ್ನುವಾಗ 50ಕ್ಕೆ ಪಾಸ್ ಎನ್ನುವುದನ್ನೂ ಸೇರಿಸಿಯೇ ಹೇಳು. ನಾನು ಬರೀ 54 ಎಂದಿದ್ದೆ. ಅಪ್ಪ ಒಂದು ಗಳಿಗೆ ಸುಮ್ಮನಿದ್ದು, "ಅಡ್ಡಿಲ್ಲೆ ತಂಗಿ, ತೋಟ ಇದ್ದು, ಬಂದ್ಬಿಡು" ಅಂದಿದ್ದರು.