ತಾರಸಿಯ ಮೆಣಸಿನ ಗಿಡ, ಟೊಮೆಟೊಗಳ ಎಲೆ ತುದಿ ಸುಡುತ್ತಿದೆ, ಕೆಳಗಿನ ಎಲೆ ಹಳದಿಯಾಗುತ್ತಿದೆ. ಇನ್ನು ಯಾವ ಗೊಬ್ಬರ ಕೊಡಲಿ?

ಯಾವುದನ್ನೂ ಕೊಡಬೇಡಿ. ಮುಂದಿನ ಮೂರು ವಾರ ಗೊಬ್ಬರದ ಡಬ್ಬ ಮುಚ್ಚಿಯೇ ಇರಲಿ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ನಿಮ್ಮ ಗಿಡಗಳಿಗೆ ಕಡಿಮೆಯಾಗಿರುವುದು ಏನೂ ಇಲ್ಲ, ಹೆಚ್ಚಾಗಿರುವುದೇ ತೊಂದರೆ.

ನೀವು ಹೇಳಿದ್ದನ್ನು ಒಂದೆಡೆ ಇಟ್ಟು ನೋಡೋಣ. ರಾಜಾಜಿನಗರದ ತಾರಸಿ, ಹನ್ನೆರಡು ಇಂಚಿನ ಗ್ರೋ ಬ್ಯಾಗ್, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಇರುವ ಮಿಶ್ರಣ, ಅದರಲ್ಲಿ ಮೆಣಸಿನ ಗಿಡ ಮತ್ತು ಟೊಮೆಟೊ. ವಾರಕ್ಕೊಮ್ಮೆ ಲೀಟರಿಗೆ ಒಂದು ಚಮಚ 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ. ನಡುವೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು, ಬಾಳೆಹಣ್ಣಿನ ಸಿಪ್ಪೆ ನೀರು, ತಿಂಗಳಿಗೊಮ್ಮೆ ಎರೆಗೊಬ್ಬರ. ಮೇಲಿನ ಎಲೆಗಳು ಕಪ್ಪೆನ್ನುವಷ್ಟು ಕಡು ಹಸಿರು, ತುದಿ ಕೆಳಕ್ಕೆ ಕೊಕ್ಕೆಯಂತೆ ಬಾಗಿವೆ, ಅಂಚು ಕಂದು. ಕೆಳಗಿನ ಎಲೆಗಳಲ್ಲಿ ನರ ಹಸಿರಾಗಿಯೇ ಇದ್ದು ನಡುವಿನ ಭಾಗ ಹಳದಿ. ಹೂ ಇಲ್ಲ. ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದೆ ಅಂತಲೂ ಕೊನೆಯ ಸಾಲಿನಲ್ಲಿ ಹೇಳಿದ್ದೀರಿ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ ಕೊನೆಯ ಸಾಲೇ.

ಆ ಬಿಳಿ ಪುಡಿ ಉಪ್ಪು. ಅಡುಗೆ ಉಪ್ಪು ಅಂತಲ್ಲ. ಗೊಬ್ಬರದ್ದು ಮತ್ತು ಗಡಸು ನೀರಿನದು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಹೊಲದಲ್ಲಾದರೆ ಮಳೆ ಅದನ್ನು ಆಳಕ್ಕೆ ತೊಳೆದುಕೊಂಡು ಹೋಗುತ್ತದೆ. ಚೀಲದಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ. ಚಮಚಕ್ಕೆ ಸುಮಾರು 5 ಗ್ರಾಂ ಹಿಡಿಯಿರಿ. ಲೀಟರಿಗೆ 5 ಗ್ರಾಂ ಎಂದರೆ 5000 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ಕರಗಿರುವ ಒಟ್ಟು ಲವಣಗಳಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಇಟ್ಟಿರುವ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಅದರ ಹತ್ತು ಪಟ್ಟನ್ನು ನೀವು ವಾರವಾರವೂ ಬೇರಿಗೆ ಸುರಿಯುತ್ತಿದ್ದೀರಿ. ಮಾವಿನಕಾಯಿ ಹೋಳುಗಳಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ಮರುದಿನ ಹೋಳು ನೀರು ಬಿಟ್ಟಿರುತ್ತದಲ್ಲ, ಬೇರಿಗೆ ಆಗುವುದೂ ಅದೇ. ಮಣ್ಣು ಒದ್ದೆಯಾಗಿದ್ದರೂ ಮಧ್ಯಾಹ್ನ ಗಿಡ ಬಾಡಿದಂತೆ ಕಂಡರೆ ಕಾರಣ ಇದು. ಜನ ಆಗ ಇನ್ನೊಂದು ಚೊಂಬು ನೀರು ಹಾಕುತ್ತಾರೆ, ಬೇರು ಕೊಳೆಯಲು ಶುರುವಾಗುತ್ತದೆ.

ಈಗ ಎಲೆ ಓದುವ ವಿಷಯ. ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು, ಬಣ್ಣ ಕೆಟ್ಟಿರುವುದು ಗಿಡದ ಯಾವ ಭಾಗದಲ್ಲಿ ಎಂಬುದನ್ನು. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಇವು ಗಿಡದೊಳಗೆ ಓಡಾಡುವಂಥವು. ಕಡಿಮೆಯಾದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ, ಹಾಗಾಗಿ ಕೊರತೆ ಕೆಳಗಿನ ಎಲೆಯಲ್ಲಿ ಮೊದಲು ಕಾಣುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಹಾಗಲ್ಲ. ಒಮ್ಮೆ ಎಲೆ ಸೇರಿದರೆ ಅಲ್ಲೇ ಇರುತ್ತವೆ, ಆದ್ದರಿಂದ ಅವು ಸಾಲದಿದ್ದರೆ ಚಿಗುರು ಕೆಡುತ್ತದೆ. ಕೆಳಗಿನ ಎಲೆ ಪೂರ್ತಿ ಒಂದೇ ಸಮನಾಗಿ ಮಾಸಿದರೆ ಸಾರಜನಕ ಸಾಲದು. ಕೆಳಗಿನ ಎಲೆಯ ನರ ಹಸಿರು, ನಡುವೆ ಹಳದಿ ಆದರೆ ಮೆಗ್ನೀಸಿಯಂ. ಅದೇ ಚಿತ್ರ ಚಿಗುರಿನಲ್ಲಿ ಕಂಡರೆ ಕಬ್ಬಿಣ. ಹಳೆಯ ಎಲೆಯ ಅಂಚು ಮಾತ್ರ ಸುಟ್ಟಂತಾದರೆ ಪೊಟ್ಯಾಷ್ ಅನುಮಾನಿಸಬಹುದು, ಆದರೆ ಉಪ್ಪು ಹೆಚ್ಚಾದಾಗಲೂ ಹಾಗೆಯೇ ಕಾಣುತ್ತದೆ. ಕಾಯಿ ಬಿಟ್ಟ ಟೊಮೆಟೊ ಗಿಡದ ಬುಡದಲ್ಲಿ ಒಂದೆರಡು ಎಲೆ ಹಣ್ಣಾಗಿ ಉದುರಿದರೆ ಅದು ರೋಗವೇ ಅಲ್ಲ, ಚಿವುಟಿ ಬಿಸಾಡಿ.

ಈ ಲೆಕ್ಕದಲ್ಲಿ ನಿಮಗೆ ಮೆಗ್ನೀಸಿಯಂ ಕೊರತೆ ಅಲ್ಲವೇ, ಪಕ್ಕದ ಮನೆಯವರು ಹೇಳಿದಂತೆ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಹಾಕಬಾರದೇ ಅಂತ ನೀವು ಕೇಳುತ್ತೀರಿ. ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದಿ, ಬಹಳ ಜನ ಎಡವುವುದು ಇಲ್ಲೇ. ಎಲೆಗೆ ಮೆಗ್ನೀಸಿಯಂ ಸಿಕ್ಕಿಲ್ಲ ಎಂದ ಮಾತ್ರಕ್ಕೆ ಮಣ್ಣಿನಲ್ಲಿ ಇಲ್ಲ ಎಂದರ್ಥವಲ್ಲ. ಪೊಟ್ಯಾಷ್ ಅತಿಯಾದರೆ ಬೇರು ಮೆಗ್ನೀಸಿಯಂ ಹೀರುವುದು ಕಡಿಮೆಯಾಗುತ್ತದೆ. ರಂಜಕ ಅತಿಯಾದರೆ ಕಬ್ಬಿಣ, ಸತು ಎರಡೂ ಸಿಗದಂತಾಗುತ್ತವೆ. ನಿಮ್ಮ 19:19:19ರಲ್ಲಿ ಪೊಟ್ಯಾಷ್ ಇದೆ, ಸಿಪ್ಪೆ ನೀರಿನಲ್ಲೂ ಇದೆ, ಸರಿಯಾಗಿ ತೊಳೆಯದ ಕೋಕೋಪೀಟ್‌ನಲ್ಲೂ ಬೇಕಾದಷ್ಟಿದೆ. ಜೊತೆಗೆ ಕೋಕೋಪೀಟ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ತಾನು ಹಿಡಿದಿಟ್ಟುಕೊಂಡು ಪೊಟ್ಯಾಷ್, ಸೋಡಿಯಂ ಬಿಟ್ಟುಕೊಡುತ್ತದೆ. ಹೀಗೆ ಅತಿಯಾಗಿ ಉಂಡ ಗಿಡ ಕೊರತೆಯ ಮುಖ ತೋರಿಸುತ್ತದೆ. ನಾವು ಆ ಮುಖ ನೋಡಿ ಇನ್ನೊಂದು ಉಪ್ಪು ಸೇರಿಸುತ್ತೇವೆ. ಎಪ್ಸಮ್ ಸಾಲ್ಟ್ ಕೂಡ ಉಪ್ಪೇ. ಮೊದಲು ತೊಳೆಯಿರಿ, ಆಮೇಲೂ ಹೊಸ ಎಲೆಗಳು ಹಾಗೆಯೇ ಹಳದಿಯಾದರೆ ಕೊಡೋಣ.

ಕಡು ಹಸಿರು, ಕೊಕ್ಕೆ ಬಾಗುವುದು, ಹೂ ಬಿಡದಿರುವುದು, ಈ ಮೂರೂ ಸೇರಿದರೆ ಸಾರಜನಕ ಮಿತಿಮೀರಿದೆ ಎಂದೇ ಹೇಳಬಹುದು. ಗಿಡ ಎಲೆ ಮಾಡುವುದರಲ್ಲೇ ಮುಳುಗಿರುತ್ತದೆ. ಆ ಮೆತ್ತನೆಯ ಎಲೆಗೆ ಹೇನು ಬೇಗ ಹತ್ತುತ್ತದೆ, ಅದನ್ನೂ ನೋಡಿಕೊಳ್ಳಿ. ಹಿಂಡಿ ನೀರು ಸಾವಯವ ಅಲ್ಲವೇ, ಎಷ್ಟು ಹಾಕಿದರೂ ಪರವಾಗಿಲ್ಲ ಎಂಬ ಮಾತು ನಂಬಬೇಡಿ. ಕಡಲೆಕಾಯಿ ಹಿಂಡಿಯಲ್ಲಿ ಸುಮಾರು ಶೇಕಡಾ 7ರಷ್ಟು ಸಾರಜನಕ ಇರುತ್ತದೆ, ಕೊಟ್ಟಿಗೆ ಗೊಬ್ಬರದಲ್ಲಿ ಇರುವುದಕ್ಕಿಂತ ಅದೆಷ್ಟೋ ಪಟ್ಟು ಹೆಚ್ಚು.

ಪ್ರಶ್ನೆಯ ಜೊತೆಗೆ ನೀವು ಕಳಿಸಿರುವ ಎಲೆಬಣ್ಣದ ಚಾರ್ಟ್ ಮತ್ತು ವಾರದ ಗೊಬ್ಬರ ಪಟ್ಟಿ ಎರಡೂ ಹೊರದೇಶದ ಗಾಂಜಾ ಬೆಳೆಗಾರರಿಗೆ ಮಾಡಿದವು. ಕೆನಡಾದಲ್ಲಿ 2018ರಿಂದ ಹೆಚ್ಚಿನ ಪ್ರಾಂತ್ಯಗಳಲ್ಲಿ ಮನೆಗೆ ನಾಲ್ಕು ಗಿಡದವರೆಗೆ ಬೆಳೆಸಲು ಕಾನೂನು ಒಪ್ಪುತ್ತದೆ, ಹಾಗಾಗಿ ಅಲ್ಲಿ ಇಂಥ ಸಾಹಿತ್ಯ ಹೇರಳ. ನಮ್ಮಲ್ಲಿ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಒಂದು ಗಿಡ ಬೆಳೆಸಿದರೂ ಅಪರಾಧ, ಅದು ಗೊತ್ತಿರಲಿ. ಚಾರ್ಟಿನ ಎಲೆಬಣ್ಣದ ಭಾಗ ಬಹುಮಟ್ಟಿಗೆ ಎಲ್ಲ ಹಸಿರು ಗಿಡಕ್ಕೂ ಸಲ್ಲುತ್ತದೆ. ಗೊಬ್ಬರದ ಪಟ್ಟಿ ಮಾತ್ರ ಖಂಡಿತ ಸಲ್ಲದು. ಅದು ಕೋಣೆಯೊಳಗೆ ದಿನಕ್ಕೆ 18 ಗಂಟೆ ದೀಪ ಉರಿಸಿ, ಕೆಲವೇ ತಿಂಗಳಲ್ಲಿ ಬೆಳೆ ತೆಗೆಯುವವರ ಲೆಕ್ಕ. ಜುಲೈ ತಿಂಗಳ ಬೆಂಗಳೂರಿನ ಮೋಡದಡಿ ನಿಂತ ಮೆಣಸಿನ ಗಿಡ ಅಷ್ಟನ್ನು ತಿನ್ನಲಾರದು. ಅಲ್ಲಿಯ ಅನುಭವಿಗಳೇ ಬಾಟಲಿ ಮೇಲೆ ಬರೆದುದರ ಅರ್ಧದಿಂದ ಶುರು ಮಾಡಿ ಅನ್ನುತ್ತಾರೆ.

ಇನ್ನು ನೀರು. ನೀವು ಅದರ ಬಗ್ಗೆ ಏನೂ ಬರೆದಿಲ್ಲ, ಬೆಂಗಳೂರಿನಲ್ಲಿ ಮೊದಲು ಕೇಳಬೇಕಾದ್ದು ಅದನ್ನೇ. ಕಾವೇರಿ ನೀರೋ, ಬೋರ್‌ವೆಲ್ಲೋ, ಟ್ಯಾಂಕರೋ? ಬೋರ್ ನೀರು ಗಡಸು, ಅದರಲ್ಲಿರುವ ಬೈಕಾರ್ಬೊನೇಟ್ ನಿಧಾನವಾಗಿ ಮಣ್ಣನ್ನು ಕ್ಷಾರದ ಕಡೆಗೆ ಎಳೆಯುತ್ತದೆ. ಆಗ ಕಬ್ಬಿಣ ಮಣ್ಣಿನಲ್ಲಿದ್ದೂ ಬೇರಿಗೆ ದಕ್ಕುವುದಿಲ್ಲ. ಗುಲಾಬಿ, ದಾಸವಾಳದ ಚಿಗುರು ಬೆಳ್ಳಗೆ ಬರುವುದು ಎಷ್ಟೋ ಮನೆಗಳಲ್ಲಿ ಇದರಿಂದಲೇ. ಇನ್ನೊಂದು, ದಯವಿಟ್ಟು ಹೇಳಿ: ಆರ್‌ಒ ಎಂಬ ನೀರು ಶುದ್ಧೀಕರಿಸುವ ಯಂತ್ರ ಹೊರಗೆ ಬಿಡುವ ತ್ಯಾಜ್ಯ ನೀರನ್ನು ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕುತ್ತಿದ್ದೀರಾ? 2024ರ ಬೇಸಿಗೆಯಲ್ಲಿ ನೀರಿಗೆ ಪರದಾಡಿ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿದ ಮೇಲೆ ಈ ಅಭ್ಯಾಸ ಬಹಳ ಮನೆಗಳಲ್ಲಿ ಬಂತು. ನೀರು ಉಳಿಸುವ ಮನಸ್ಸು ದೊಡ್ಡದು, ಆದರೆ ಆ ನೀರಿನಲ್ಲಿ ಒಳಗೆ ಹೋದ ನೀರಿಗಿಂತಲೂ ಹೆಚ್ಚು ಉಪ್ಪಿರುತ್ತದೆ. ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸಿ. ಚೀಲದ ಗಿಡಕ್ಕೆ ಬೇಡ.

ತೊಳೆಯುವುದು ಹೀಗೆ. ಮೇಲಿನ ಬಿಳಿ ಪದರವನ್ನು ಅರ್ಧ ಇಂಚು ಮಣ್ಣಿನ ಸಮೇತ ಕೆರೆದು ತೆಗೆಯಿರಿ. ಚೀಲದ ಕೆಳಗಿನ ತೂತು ಬೇರಿನಿಂದ ಮುಚ್ಚಿಹೋಗಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಚೀಲವನ್ನು ಎರಡು ಇಟ್ಟಿಗೆ ಮೇಲೆ ಇಟ್ಟು ನಿಧಾನವಾಗಿ ನೀರು ಹಾಯಿಸಿ, ಹತ್ತು ನಿಮಿಷ ಬಿಡಿ, ಮತ್ತೆ ಹಾಯಿಸಿ. ಒಟ್ಟು ಮಣ್ಣಿನ ಗಾತ್ರದಷ್ಟು ನೀರಾದರೂ ಬೇಕು, ನಿಮ್ಮ ಚೀಲಕ್ಕೆ ಸುಮಾರು 20 ಲೀಟರ್; ಎರಡರಷ್ಟು ಸಿಕ್ಕರೆ ಇನ್ನೂ ಒಳ್ಳೆಯದು. ಅಷ್ಟು ನೀರು ಎಲ್ಲಿಂದ ತರಲಿ ಅನ್ನಬೇಡಿ, ಮಳೆಗಾಲದಲ್ಲಿ ಆಕಾಶವೇ ಕೊಡುತ್ತದೆ. ಜೋರು ಮಳೆಗೆ ಚೀಲ ಬಯಲಲ್ಲಿಡಿ. ಮಳೆನೀರಿಗಿಂತ ಒಳ್ಳೆಯ ನೀರು ಇದಕ್ಕಿಲ್ಲ. ಕೆಳಗೆ ತಟ್ಟೆ ಇಟ್ಟಿದ್ದರೆ ತೆಗೆದುಬಿಡಿ, ಇಲ್ಲವಾದರೆ ಹೊರಬಂದ ಉಪ್ಪನ್ನೇ ಮಣ್ಣು ಮತ್ತೆ ಹೀರುತ್ತದೆ. ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಒಂದು ಟಿಡಿಎಸ್ ಮೀಟರ್ ಸಿಕ್ಕಿದರೆ ಹಾಕುವ ನೀರನ್ನೂ ಹೊರಬರುವ ನೀರನ್ನೂ ಅಳೆಯಿರಿ. ಹೊರಬರುವುದು ಲೀಟರಿಗೆ 2000 ಮಿಲಿಗ್ರಾಂ ದಾಟಿದ್ದರೆ ಇನ್ನೂ ತೊಳೆಯಬೇಕು. ಚೀಲದಿಂದ ಕೊಳೆತ ವಾಸನೆ ಬರುತ್ತಿದ್ದರೆ ಮಾತ್ರ ತೊಳೆಯುವ ಮೊದಲು ಗಿಡ ಎತ್ತಿ ಬೇರು ನೋಡಿ. ಬಿಳಿ ಬೇರಿದ್ದರೆ ಧೈರ್ಯವಾಗಿರಿ. ಕಂದಾಗಿ ಲೊಳೆಲೊಳೆ ಆಗಿದ್ದರೆ ಕತ್ತರಿಸಿ, ಹೊಸ ಮಣ್ಣಿಗೆ ಕೂರಿಸುವುದೇ ದಾರಿ.

ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ, ಅದನ್ನೇ ನೋಡುತ್ತಾ ಕೊರಗಬೇಡಿ. ಹೊಸ ಎಲೆ ನೋಡಿ. ಎರಡು ಮೂರು ವಾರದಲ್ಲಿ ಬರುವ ಎಲೆಗಳು ತುಸು ತಿಳಿ ಹಸಿರಾಗಿ, ಚಪ್ಪಟೆಯಾಗಿ ಬಂದರೆ ಗಿಡ ಚೇತರಿಸಿಕೊಂಡಿದೆ. ಆಮೇಲೆ 19:19:19 ಲೀಟರಿಗೆ 1 ಗ್ರಾಂ, ಹದಿನೈದು ದಿನಕ್ಕೊಮ್ಮೆ, ಅದೂ ಒದ್ದೆ ಮಣ್ಣಿಗೆ. ಹಿಂಡಿ ಕೊಡುವ ತಿಂಗಳು ಇದನ್ನು ಬಿಡಿ. ಸಿಪ್ಪೆ ನೀರು ಬೇಕಾಗಿಲ್ಲ. ಕಬ್ಬಿಣ, ಸತು, ಬೋರಾನ್‌ನಂಥ ಸೂಕ್ಷ್ಮ ಪೋಷಕಾಂಶಕ್ಕೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ವೆಜಿಟೇಬಲ್ ಸ್ಪೆಷಲ್ ಒಳ್ಳೆಯದು, ಎಲೆಗೆ ಸಿಂಪಡಿಸುವಂಥದ್ದು. ಪೊಟ್ಟಣದ ಮೇಲಿನ ಅಳತೆ ಮೀರಬೇಡಿ.

ಕೊನೆಗೆ ನಿಮ್ಮ ಮೂರನೇ ಫೋಟೋದ ಟೊಮೆಟೊ. ಅದು ಉಳಿದವುಗಳ ಹಾಗಿಲ್ಲ. ಚಿಗುರೆಲೆ ಚಿಕ್ಕದಾಗಿ, ಅಂಚು ಹಳದಿಯಾಗಿ, ಮೇಲಕ್ಕೆ ದೊನ್ನೆಯಾಗಿದೆ, ಗಿಡ ಗಿಡ್ಡವಾಗಿ ನಿಂತುಬಿಟ್ಟಿದೆ. ಎಲೆ ತಿರುಗಿಸಿ ನೋಡಿ, ಬಿಳಿ ನೊಣ ಇದ್ದರೆ ಅದು ಎಲೆ ಮುದುಡು ರೋಗ, ಅವು ಹರಡುವ ವೈರಸ್ಸಿನದು. ಆ ವೈರಸ್ಸುಗಳಲ್ಲಿ ಒಂದಕ್ಕೆ ನಮ್ಮ ಬೆಂಗಳೂರಿನ ಹೆಸರೇ ಇದೆ, ಅಷ್ಟರಮಟ್ಟಿಗೆ ಇದು ಇಲ್ಲಿಯದು. ಯಾವ ಗೊಬ್ಬರವೂ, ತೊಳೆಯುವುದೂ ಅದನ್ನು ವಾಸಿ ಮಾಡುವುದಿಲ್ಲ. ಇವತ್ತೇ ಕಿತ್ತು, ಕವರ್‌ನಲ್ಲಿ ಕಟ್ಟಿ ಕಸಕ್ಕೆ ಹಾಕಿ, ಪಕ್ಕದ ಗಿಡಗಳ ಹತ್ತಿರ ಹಳದಿ ಅಂಟು ಹಾಳೆ ತೂಗುಹಾಕಿ. ಆ ಜಾಗಕ್ಕೆ ಹೊಸ ಸಸಿ ತರುವುದಾದರೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ತಳಿ ಕೇಳಿ, ಈ ರೋಗವನ್ನು ತಡೆದುಕೊಳ್ಳುವ ಶಕ್ತಿ ಅದಕ್ಕಿದೆ.